ಯಾವ ಸೆಕ್ಷನ್ನಿನವಳೋ

ಒಂಬತ್ತು ವರ್ಷ ನನ್ನನ್ನು ಎಬ್ಬಿಸಿದ್ದು
ಕೋಳಿಯಲ್ಲ, ಗಂಡನಲ್ಲ,
ಜಾಲಹಳ್ಳಿಯ ವಾಚು ಫ್ಯಾಕ್ಟರಿಯ ಸೈರನ್ನು.
ಮೊದಲ ಕೂಗಿಗೆ ಸೀಮೆಎಣ್ಣೆ ಸ್ಟೌವಿಗೆ ಪಂಪು,
ಎರಡನೆಯದಕ್ಕೆ ಡಬ್ಬಿಯ ಮುಚ್ಚಳ ಒತ್ತಿ,
ಮೂರನೆಯದಕ್ಕೆ ಬೀದಿಯ ತಿರುವಿನ ತನಕ ಕಣ್ಣು ಕಳಿಸಿ,
ಆಮೇಲೆ ಉಳಿದದ್ದನ್ನು ತಿನ್ನುವುದು, ತಣ್ಣಗೆ, ನಿಂತೇ.

ಎಂಬತ್ತರ ಡಿಸೆಂಬರಿನಲ್ಲಿ ಅದು ಬಾಯಿ ಮುಚ್ಚಿತು.
ಮುಷ್ಕರ ಅಂದರು.
ಆ ಪದ ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ
ದೂರದ ನೆಂಟನ ಹಾಗೆ ಮನೆಮನೆಗೂ ಬಂದು ಕೂತಿತು,
ಎದ್ದು ಹೋಗುವ ಲಕ್ಷಣವೇ ಇಲ್ಲ.

ಮೊದಲ ಬೆಳಿಗ್ಗೆ ಎಚ್ಚರವಾಗಿ
ಕಾದೆ. ಏನೂ ಕೂಗಲಿಲ್ಲ.
ಕತ್ತಲಲ್ಲಿ ಕಾಲು ಚಾಚಿ ಕೂತು
ನನ್ನದೇ ಹೆಬ್ಬೆರಳನ್ನು ನೋಡುತ್ತಿದ್ದೆ,
ಯಾರೋ ಬಿಟ್ಟು ಹೋದ ಸಾಮಾನಿನ ಹಾಗೆ.

ಇವರು, ಗಂಗಹನುಮಯ್ಯನವರು,
ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು
ಅದರ ಜಾಗಕ್ಕೆ ಕೂರಿಸುವ ಮನುಷ್ಯ,
ಉಪ್ಪಿನ ಡಬ್ಬಿ ಎಲ್ಲಿದೆಯೆಂದು ದಿನಕ್ಕೆ ಮೂರು ಸಲ ಕೇಳಿದರು.
ಸಂಬಳವಿಲ್ಲದ ಎರಡನೇ ತಿಂಗಳಿಗೆ
ಅಂಗಡಿಯ ತಾಂಡವಮೂರ್ತಿ ಸಾಲದ ಪುಸ್ತಕ ಮಡಿಸಿಟ್ಟ.
ಶ್ರೀರಾಂಪುರದಿಂದ ಊದುಬತ್ತಿಯ ಕಡ್ಡಿ, ಮಸಿಹಿಟ್ಟು ಹೊತ್ತು ತಂದೆ.
ಮಣೆಯ ಮೇಲೆ ಹೊಸೆದೂ ಹೊಸೆದೂ
ಅಂಗೈಯ ಗೆರೆಯೊಳಗೆಲ್ಲ ಕಪ್ಪು ಇಳಿದು
ಒಂದೊಂದೂ ಎದ್ದು ಕಂಡವು.
ಇಷ್ಟು ದಾರಿಗಳಿದ್ದವೇ ಇಲ್ಲಿ?

ಹಿಂದಿನ ಸಾಲಿನ ಫಿಲೋಮಿನಾ ಬಂದಳು,
ಅವಳೂ ಫ್ಯಾಕ್ಟರಿಯವಳೇ, ಡಯಲ್ ಕೂರಿಸುವವಳು.
"ಬಾರಕ್ಕ ಗೇಟಿಗೆ, ಹೆಂಗಸರೆಲ್ಲ ಬರ್ತಾ ಇದಾರೆ."
"ನಾನ್ಯಾಕೆ? ನನಗೇನು ಸಂಬಳ ಕೊಡ್ತಿದ್ರಾ?"
"ಅದನ್ನೇ ಬಂದು ಕೇಳು."

ಗಂಡಸರು ಒಂದು ಕಡೆ, ನಾವು ಒಂದು ಕಡೆ,
ನಡುವೆ ಪೊಲೀಸಿನವರ ನೀಲಿ ವ್ಯಾನು.
ಎಲ್ಲರೂ ಬೇಕೇ ಬೇಕು ಅಂದಾಗ
ನನ್ನ ತುಟಿ ಮಾತ್ರ ಆಡುತ್ತಿತ್ತು.
ಹೊಸಲು ತುಳಿದ ವಾರಕ್ಕೇ ಅತ್ತೆ ಹೇಳಿದ್ದರು,
ಹೆಣ್ಣಿನ ಮಾತು ಒಲೆಯ ಬೂದಿ ದಾಟಬಾರದೆಂದು.
ಅಂದಿನಿಂದ ಸೊಪ್ಪಿನವಳನ್ನೂ
ಪಿಸುಗುಟ್ಟಿಯೇ ಕರೆದವಳು ನಾನು.

ಕೂಗಿಸುತ್ತಿದ್ದವಳಿಗೆ ಗಂಟಲು ಕಟ್ಟಿತು.
ಒಂದು ಗಳಿಗೆ ಎಲ್ಲ ಮೌನ,
ಅದೇ, ಆ ಮೊದಲ ಬೆಳಗಿನದು.
ಆಗ ಕೂಗಿದ್ದು ನಾನು.
ಹೇಗೋ ಗೊತ್ತಿಲ್ಲ.
ಬತ್ತಿದ ಬಾವಿಯ ತಳಕ್ಕೆ ಕೊಡ ಬಡಿದ ಹಾಗೆ
ಸದ್ದು ಎದ್ದು ಬಂತು, ಗೇಟಿನ ತಗಡಿಗೆ ತಾಗಿ
ವಾಪಸು ನನ್ನ ಕಿವಿಗೇ ಬಿತ್ತು.
ಗುರುತು ಸಿಗಲಿಲ್ಲ.
ಅತ್ತ ಗಂಡಸರ ಸಾಲಿನಲ್ಲಿ ಇವರು
ತಿರುಗಿ, ಹಿಮ್ಮಡಿ ಎತ್ತಿ
ಯಾರದು ದನಿಯೆಂದು ಹುಡುಕಿದರು.
ನನ್ನ ಮೇಲಿಂದಲೇ ಹಾದುಹೋಯಿತು ಕಣ್ಣು.

ರಾತ್ರಿ ಮುದ್ದೆ ಮುರಿಯುತ್ತ ಕೇಳಿದರು:
"ಯಾರೋ ಒಬ್ಬಳು ಕೂಗಿದಳಲ್ಲ, ಅಬ್ಬಾ, ಏನು ಗಂಟಲು!
ಯಾವ ಸೆಕ್ಷನ್ನಿನವಳೋ?"
ಸಾರು ಬಡಿಸುತ್ತ ಅಂದೆ,
"ಯಾರೋ. ಹೊಸಬಳಿರಬೇಕು."

ಮಾರ್ಚಿಗೆ ಮುಗಿಯಿತು. ಗೆದ್ದೆವೋ ಸೋತೆವೋ
ಇವರಿಗೇ ಸರಿಯಾಗಿ ತಿಳಿದಿರಲಿಲ್ಲ.
ಸೈರನ್ನು ಕೂಗಿತು. ನಾನು ಎದ್ದೆ.
ಎದ್ದೆ ಅಂತಲೇ ಹೇಳಿಬಿಡುತ್ತೇನೆ, ಕತೆ ಕಟ್ಟುವುದಿಲ್ಲ.
ಪಂಪು ಹೊಡೆದೆ, ಡಬ್ಬಿ ಮುಚ್ಚಿದೆ.

ಊದುಬತ್ತಿ ಮಾತ್ರ ಬಿಟ್ಟಿಲ್ಲ.
ಹದಿನೈದು ದಿನಕ್ಕೊಮ್ಮೆ ಕಟ್ಟುಗಳನ್ನು ಒಪ್ಪಿಸಿ
ಮನೆಯ ಕಡೆಯ ಬಸ್ಸು ಹತ್ತದೆ
ಮೆಜೆಸ್ಟಿಕ್ಕಿಗೆ ಹೋಗುತ್ತೇನೆ.
ಎರಡು ಬೋಂಡ ಕೊಂಡು
ನಿಂತೇ ತಿನ್ನುತ್ತೇನೆ, ಬಾಯಿ ಸುಡುವಷ್ಟು ಬಿಸಿ.
ಕಂಡಕ್ಟರುಗಳು ಕೂಗುತ್ತಿರುತ್ತಾರೆ,
ಯಲಹಂಕ, ಹಲಸೂರು, ಬನಶಂಕರಿ.
ಆ ಗದ್ದಲದೊಳಗೆ ನಾನೂ ಒಂದು ಸಲ ಕೂಗುತ್ತೇನೆ,
ಗಂಟಲು ಇದೆಯೋ ಇಲ್ಲವೋ ನೋಡಿಕೊಳ್ಳಲು.

ಹೋದ ಸಲ ಒಬ್ಬ ತಿರುಗಿ ಕೇಳಿದ,
"ಎಲ್ಲಿಗಮ್ಮ?"
ಬಾಯ್ತುಂಬ ಬೋಂಡ.
ಸುಮ್ಮನೆ ಕೈ ಬೀಸಿ ತೋರಿಸಿದೆ, ಅತ್ತ.