ಮೆಟ್ಟಿಲ ಕೆಳಗಿನ ಕೋಣೆ

ಜೂನ್ ಎರಡನೇ ವಾರ, ಸೋಹಾರ್.
ಪರೀಕ್ಷೆ ಮುಗಿದ ಮರುದಿನವೇ
ಹಾಸ್ಟೆಲು ಹೊಟ್ಟೆಯೊಳಗಿದ್ದದ್ದನ್ನೆಲ್ಲ
ಕಾರಿಡಾರಿಗೆ ಕಾರಿಕೊಂಡಿರುತ್ತದೆ:
ಕಾಲೊಂದು ಕಡಿಮೆಯಾದ ಇಸ್ತ್ರಿ ಮೇಜು,
ಅಂಚಿಗೆ ಗಂಜಿ ಒಣಗಿದ ರೈಸ್ ಕುಕ್ಕರು,
ಹ್ಯಾಂಗರುಗಳ ಹೊರೆ,
ಅರ್ಧಕ್ಕೇ ನಿಂತ ನೋಟುಬುಕ್ಕು,
ಅದರಲ್ಲಿ ಸರ್ಕ್ಯೂಟ್ ಚಿತ್ರದ ಪಕ್ಕ ಒಂದು ಹೆಸರು,
ಹಾಳೆ ಹರಿಯುವಷ್ಟು ಗೀಚಿ ಹೊಡೆದು ಹಾಕಿದ್ದು.

ವಿಮಾನಕ್ಕೆ ಮೂವತ್ತು ಕಿಲೋ.
ಖರ್ಜೂರ, ಹಲ್ವ, ತಂಗಿಯ ಅತ್ತರು ಎಲ್ಲ ಅದರೊಳಗೆ.
ಉಳಿದದ್ದು ನನ್ನ ಪಾಲು.

ನನ್ನ ಪಾಲು ಅಂದರೆ ಗೇಟಿನಾಚೆಯ ಹಸಿರು ತೊಟ್ಟಿ.
ಗುರುವಾರ ಲಾರಿ ಬರುತ್ತದೆ,
ವಾದಿ ದಾಟಿ ಹೋಗಿ ಸುರಿಯುತ್ತದೆ.
ಅಲ್ಲಿ ಆಡುಗಳು ರಟ್ಟು ತಿನ್ನುತ್ತವೆ.
ಆಡೂ ಮುಟ್ಟದ್ದನ್ನು ಗಾಳಿ ಎತ್ತಿಕೊಂಡು
ಜಾಲಿಮರಕ್ಕೆ ನೇತುಹಾಕುತ್ತದೆ.

ಮೊದಲ ವರ್ಷ ಹೇಳಿದ ಹಾಗೆ ಮಾಡಿದೆ.
ಎರಡನೇ ವರ್ಷ ಒಂದು ಕೆಟಲ್ ಎತ್ತಿದೆ, ಎಸೆಯಲು ಕೈ ಬರಲಿಲ್ಲ.
ಗಂಗೊಳ್ಳಿಯಲ್ಲಿ ಅಬ್ಬಿ ಬಲೆ ಬಿಸಾಡಿದ್ದು ಕಂಡವನಲ್ಲ ನಾನು.
ಹರಿದ ಬಲೆ ಹೀರೆಗೆ ಚಪ್ಪರ,
ಚಪ್ಪರ ಜೋತಾಗ ಕೋಳಿಗೂಡು,
ಗೂಡೂ ಹೋದಾಗ ಪಾತ್ರೆ ತಿಕ್ಕುವ ಉಂಡೆ.
"ಇರ್ಲಿ ಮಗಾ, ಒಂದಿನ ಬೇಕಾತ್ತ್."

ಮೆಟ್ಟಿಲ ಕೆಳಗಿನ ಕೋಣೆಯ ಕೀ ಕೇಳಿದೆ.
"ಖಲ್ಲಿವಲ್ಲಿ, ನಿನಗ್ಯಾಕೆ ಈ ಉಸಾಬರಿ"
ಅಂದ ವಾಚ್‌ಮನ್ ಖಲ್ಫಾನ್, ಕೀ ಕೊಟ್ಟ.
ವಾರದ ಮೇಲೆ ತಾನೇ ಒಂದು ಫ್ಯಾನು ಹೊತ್ತು ತಂದ,
ಮನೆಯಲ್ಲಿ ಹೆಂಡತಿ ಬೈದಳಂತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ಆ ಬೇಸಿಗೆ ಹಾಸಿಗೆ ನಲವತ್ತೆರಡು,
ಕಾಲು ನನ್ನವೆರಡು, ಮಫಿಜುಲ್‌ನವೆರಡು.
ಎ.ಸಿ. ಇಲ್ಲದ ಆ ಗೂಡಿನಲ್ಲಿ ಬೆವರು ಒರೆಸುತ್ತ
ಪ್ಲಗ್ಗು ಬದಲಿಸಿದೆವು, ಜಿರಳೆ ಹೊಡೆದೆವು,
ನೋಟುಬುಕ್ಕುಗಳ ಖಾಲಿ ಹಾಳೆ ಕಿತ್ತು ಹೊಲಿದೆವು.
ಯಾರೋ ಬಿಟ್ಟುಹೋದ ಪದವಿಯ ಕಪ್ಪು ಗೌನು ಸಿಕ್ಕಿತು.
ಮಫಿಜುಲ್ ತೊಟ್ಟು ಫೋಟೋ ತೆಗೆಸಿಕೊಂಡು
ನೊವಾಖಾಲಿಗೆ ಕಳಿಸಿದ.
ಹೆಂಡತಿ ಕೇಳಿದಳಂತೆ:
"ವಕೀಲನಾದದ್ದು ಯಾವಾಗ? ಸಂಬಳ ಯಾಕೆ ಅಷ್ಟೇ?"

ಸೆಪ್ಟೆಂಬರಿಗೆ ಹೊಸ ಹುಡುಗರು.
ಮೊದಲು ಬಾಗಿಲಲ್ಲಿ ನಿಂತವನು ಜಂಜಿಬಾರಿನ ಹಮೀಸ್.
"ಎಷ್ಟು?" ಅಂದ.
ದುಡ್ಡಿಲ್ಲ ಅಂದರೆ ಒಳಗೇ ಬರಲೊಲ್ಲ,
ಭಿಕ್ಷೆ ಅಂದುಕೊಂಡನೋ ಏನೋ.
"ಹೋಗುವಾಗ ವಾಪಸ್ ತಾ, ಅದೇ ಬಾಡಿಗೆ" ಅಂದೆ.
ಕೆಟಲ್ ಕಂಕುಳಲ್ಲಿಟ್ಟುಕೊಂಡು ನಡೆದ.

ನಾಲ್ಕು ವರ್ಷದ ಮೇಲೆ ತಂದುಕೊಟ್ಟಾಗ
ತಳದಲ್ಲಿ ಕೈವಾರದ ಮೊನೆಯಿಂದ ಕೊರೆದ ಅವನ ಹೆಸರು.
ಆಮೇಲಿನವನು ಅದರ ಕೆಳಗೆ ಅರಬ್ಬಿಯಲ್ಲಿ ಕೊರೆದ,
ಅವನ ನಂತರದವನು ಮಲಯಾಳದಲ್ಲಿ.
ಓದಲು ಬಾರದು ನನಗೆ. ಬೆರಳಾಡಿಸಿದರೆ
ಯಾವುದು ಯಾರದೆಂದು ಗೊತ್ತಾಗುತ್ತದೆ.

ಹೋದ ವರ್ಷ ಆಫೀಸಿನವರು ಬಂದರು,
ರಿಬ್ಬನ್ ಕಟ್ಟಿದರು, ಕತ್ತರಿಸಿದರು.
ಹನ್ನೆರಡು ಅಡಿಯ ಬ್ಯಾನರು, ಭೂಮಿಯ ಚಿತ್ರ,
ಭೂಮಿಗೆ ಎರಡು ಕೈ.
ಫೋಟೋ ಮುಗಿದ ಮೇಲೆ
ಬ್ಯಾನರನ್ನು ಅಲ್ಲೇ ಬಿಟ್ಟು ಬಿರಿಯಾನಿಗೆ ಹೋದರು.
ಒಳ್ಳೆಯ ಗಟ್ಟಿ ಬ್ಯಾನರು.
ಈಗ ಹಾಸಿಗೆಗಳಿಗೆ ಧೂಳು ತಾಗದಂತೆ ಹೊದಿಸಿದ್ದೇನೆ,
ಭೂಮಿ ಒಳಮುಖವಾಗಿದೆ.

ಮಾರ್ಚಿಗೆ ನನ್ನ ವೀಸಾ ಮುಗಿಯುತ್ತದೆ.
ನನಗೂ ಮೂವತ್ತೇ ಕಿಲೋ.
ಕಟ್ಟಲು ಕೂತರೆ ತುಂಬುವುದು ಇಪ್ಪತ್ತೂ ಇಲ್ಲ.
ಹದಿನೇಳು ವರ್ಷದ್ದು ಇಷ್ಟೇಯಾ ಅಂತ
ತೂಕದ ಯಂತ್ರವನ್ನೇ ಎರಡು ಸಲ ಒದ್ದು ನೋಡಿದೆ.

ಕೀ ಮಫಿಜುಲ್‌ಗೆ. ಕೆಟಲ್ ಕಪಾಟಿನಲ್ಲೇ ಇರಲಿ.
ಅದರ ಮುಚ್ಚಳ ಸಡಿಲ,
ಒಯ್ಯುವ ಹುಡುಗನಿಗೆ ಹೇಳುವುದು ಮರೆಯಬೇಡ:
ಸುರಿಯುವಾಗ ಹೆಬ್ಬೆರಳಲ್ಲಿ ಒತ್ತಿ ಹಿಡಿ,
ಬಿಸಿಯಾಗುತ್ತದೆ, ಬಿಡಬೇಡ.