ಬಂದ ಉದ್ದೇಶ

ಕಂಪ್ಲಿ ಕೋಟೆಯ ಹತ್ತಿರ ಹರಗೋಲಿನ ತಳ ಕಲ್ಲಿಗೆ ತರಚಿತು.
ಮೊದಲು ನನ್ನ ಸೀರೆಗೆ ಗೊತ್ತಾಯಿತು, ಆಮೇಲೆ ನಮಗೆ.
"ಹೆದರಬ್ಯಾಡ್ರೆವ್ವ, ಮೊಣಕಾಲುದ್ದ ನೀರು" ಅಂದ ಹುಲುಗಪ್ಪ.
ಇವರು ದಂಡೆಯ ಕಡೆ ಒಮ್ಮೆ ನೋಡಿ
"ಎರಡಡಿ ಮೂರಿಂಚು" ಅಂದರು.

ಮೂವತ್ತೊಂದು ವರ್ಷ ಇವರು ಹೊಳೆಯನ್ನು ಬರೆದಿದ್ದಾರೆ.
ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ,
ಹಳದಿ ಕಲ್ಲಿನ ಕಪ್ಪು ಗೆರೆ ನೋಡಿ
ಇಲಾಖೆಯ ಪುಸ್ತಕದೊಳಗೆ.
ನನ್ನ ಮೊದಲ ಹೆರಿಗೆಯ ದಿನವೂ
ಮೂರು ಸಲ.
ನಿವೃತ್ತಿಗೆ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು.
ಪುಣ್ಯಾತ್ಮ, ಅಲ್ಲಿಯತನಕ ಒಂದು ಹರಗೋಲು ಹತ್ತಿದವರಲ್ಲ.

ಆನೆಗೊಂದಿಯಲ್ಲಿ ಹತ್ತಿಸಿದ್ದು ನಾನು.
ಎರಡೂ ಕೈಯಲ್ಲಿ ಅಂಚು ಹಿಡಿದು ಕೂತರು,
ಬಸ್ಸಿನಲ್ಲಿ ಟಿಕೆಟ್ಟಿಲ್ಲದವರ ಹಾಗೆ.
ಹರಗೋಲಿಗೆ ಮುಂದಿಲ್ಲ, ಹಿಂದಿಲ್ಲ.
ಒಂದು ಸುತ್ತಿಗೆ ಗುಡ್ಡ ನನ್ನ ಕಡೆ,
ಇನ್ನೊಂದಕ್ಕೆ ಇವರ ಬೆನ್ನಿಗೆ.
ನೀರುನಾಯಿಯೊಂದು ತಲೆಯೆತ್ತಿ
ನಮ್ಮನ್ನು ಎಣಿಸಿ ಮುಳುಗಿತು.

ಇನ್ನು ಡಾಂಬರು ಕಾಯಿಸಬೇಕು, ಚೀಲ ಬಡಿಯಬೇಕು, ಒಣಗಬೇಕು.
"ನಾಳಿ ಮುಂಜಾನಿ ಹೊಂಡೂಣು."
ಹೀಗೆ ಒಂದು ರಾತ್ರಿ,
ಬೀಗರು ನೆಂಟರು ಯಾರೂ ಇಲ್ಲದ ಊರಿನಲ್ಲಿ.

ಅಕ್ಕಿ ಗಿರಣಿಯ ಎದುರು ಲಾಡ್ಜು. ಮೆಟ್ಟಿಲಿನ ತುಂಬ ತೌಡಿನ ವಾಸನೆ.
ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಹುಡುಗಿ
ನಮ್ಮ ಒದ್ದೆ ಕಾಲು ನೋಡಿ ರಿಜಿಸ್ಟರ್ ಈ ಕಡೆ ತಿರುಗಿಸಿದಳು.
ಕಾಲಮ್ಮು ಕಂಡರೆ ಇವರ ಕೈ ತಾನೇ ನಡೆಯುತ್ತದೆ:
ಜಂಬಣ್ಣ. ಅರವತ್ತು. ಮುನಿರಾಬಾದ್.
ಜೊತೆಯಲ್ಲಿ ಒಬ್ಬರು. ಸಂಬಂಧ, ಪತ್ನಿ.
ಬಂದ ಉದ್ದೇಶ
ಅಲ್ಲಿ ಪೆನ್ನು ನಿಂತಿತು.

ಮದುವೆಯಲ್ಲ. ಮಣ್ಣಲ್ಲ.
ಕೋರ್ಟಿನ ತಾರೀಖಲ್ಲ, ಹುಲಿಗೆಮ್ಮನ ಹರಕೆಯಲ್ಲ,
ನನ್ನ ಗರ್ಭಚೀಲ ತೆಗೆಸಿದ ದವಾಖಾನೆಯಲ್ಲ.
ಅವೆಲ್ಲಕ್ಕೂ ಜೊತೆಗೇ ಹೋಗಿದ್ದೇವೆ,
ಬುತ್ತಿ ಕಟ್ಟಿಕೊಂಡು, ಕೊನೇ ಬಸ್ಸಿನ ಹೊತ್ತು ಕೇಳಿಕೊಂಡು.
"ಏನಾರ ಬರೀರಿ ಕಾಕಾ,
ಪೊಲೀಸ್ರು ತಿಂಗಳಿಗೊಮ್ಮಿ ನೋಡ್ತಾರ."
ಇವರು ನನ್ನತ್ತ ತಿರುಗಿದರು
ಗೆರೆ ಅಳಿಸಿಹೋದ ಕಲ್ಲಿನ ಮುಂದೆ ನಿಂತಂತೆ.
"ಸುಮ್ಮನೆ ಅಂತ ಬರೀರಿ" ಅಂದೆ.
ಬರೆದರು. ಮಕ್ಕೆ ಮ ಒತ್ತು ಗುಂಡಗೆ, ನಿಧಾನಕ್ಕೆ,
ಇಂಜಿನಿಯರ್ ಸಾಹೇಬರು ವಿವರಣೆ ಕೇಳಿಯಾರೆಂಬ ಅಂಜಿಕೆಯಲ್ಲಿ.

ಸಂಜೆ ಒಂದೇ ಪೇಪರಿನಲ್ಲಿ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ.
ಖಾರದ್ದು ನನಗೇ ಬಂತು.
ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು.
ಕಟಾಂಜನಕ್ಕೆ ಒತ್ತಿ ನಿಂತೆವು, ಸೇತುವೆ ನಡುಗಿತು,
ಇವರು ಹರಗೋಲಿನ ಅಂಚು ಹಿಡಿದ ಹಾಗೇ ನನ್ನ ಮುಂಗೈ ಹಿಡಿದರು.
ಟ್ರ್ಯಾಕ್ಟರು ಹೋಯಿತು. ಟ್ರೇಲರು ಹೋಯಿತು.
ಉದುರಿದ ಕಬ್ಬಿಗೆ ಓಡಿ ಬಂದ ಹುಡುಗರೂ ಹೋದರು.
ಕೈ ಅಲ್ಲೇ ಇತ್ತು. ನಾನು ನೆನಪಿಸಲಿಲ್ಲ.

ಕೆಳಗೆ ಕಂಬದ ಮೇಲೆ ಅಂಕಿ ಬರೆದಿದ್ದವು.
ಸರಿಯಾಗಿ ಆರು ಗಂಟೆ.
ಹೇಳುತ್ತಾರೆಂದು ಕಾದೆ.
"ಕತ್ತಲಾಗೇತಿ, ಕಾಣವಲ್ದು" ಅಂದರು.
ಇನ್ನೂ ಬೆಳಕಿತ್ತು.

ರಾತ್ರಿ ಸೊಳ್ಳೆ. ಸತ್ತ ಅತ್ತೆಯ ಹಾಗೆ ಗೊಣಗುವ ಫ್ಯಾನು.
ಎರಡು ಮಂಚ, ನಡುವೆ ಒಂದು ಗೇಣು.
"ಅಷ್ಟು ವರ್ಷ ಏನು ಬರೆದ್ರಿ?" ಕೇಳಿದೆ.
"ನೀರು ಬಂತು, ಹೋತು."
ಆಮೇಲೆ ಗೊರಕೆ.

ಮುಂಜಾನೆ ಹರಗೋಲು ಬೋರಲು ಬಿದ್ದಿತ್ತು, ಬಿಸಿಲಿಗೆ ಹೊಳೆಯುತ್ತ.
ಹತ್ತುವಾಗ ಹಸಿ ಡಾಂಬರು ಸೆರಗಿಗೆ ಮೆತ್ತಿತು,
ಎರಡು ಬೆರಳಿನಷ್ಟು.
"ಸೀಮೆಎಣ್ಣಿ ಹಚ್ಚಿದ್ರ ಹೋಗತೈತ್ರೆವ್ವ" ಅಂದ ಹುಲುಗಪ್ಪ.
ಮನೆಯಲ್ಲಿ ಅರ್ಧ ಬಾಟಲಿ ಇದೆ.
ಇನ್ನೂ ಹಚ್ಚಿಲ್ಲ.