ರೀಡಿಂಗ್ ತೆಗೆದಿಲ್ಲ

ಪುಣೆ, ಕಸಬಾ ಪೇಠೆ, ತಾಂಬಟ ಆಳಿ. ಮೇ ತಿಂಗಳು, ಹನ್ನೊಂದೂವರೆ.
ಓಣಿ ತುಂಬ ತಾಮ್ರ ಬಡಿಯುವ ಸದ್ದು,
ವಾಡೆಯ ಮೆಟ್ಟಿಲ ಕೆಳಗೆ ಮಾತ್ರ ಅಮಾಸೆ.
ಅಲ್ಲಿ ಏಳು ಮೀಟರು, ಒಂದು ಪಾರಿವಾಳದ ಸಂಸಾರ,
ಬಗ್ಗಿ ಕೂತ ನಾನು.

ಫ್ಲ್ಯಾಶ್ ಹೊಡೆಯಲಿಲ್ಲ.

ಅಂಗಿಯ ಚುಂಗಿನಿಂದ ಒರೆಸಿದೆ.
ಮಿಂಚಿನ ಗುರುತಿನ ಮೇಲೆ ಎಳೆದಿದ್ದ ಗೀಟು
ಒತ್ತಿ ಅಳಿಸಿದೆ; ಅದು ಮತ್ತೆ ಬಂದು ಕೂತಿತು.
ಆರಿಸಿ ಹಚ್ಚಿದೆ. ಕಂಪನಿಯ ಹೆಸರು ಕುಣಿದು ಬರುವಷ್ಟರಲ್ಲಿ
ಬೆವರು ಕಣ್ಣಿಗಿಳಿಯಿತು.
ಹಿಂದಿನ ಕವಚ ಕಿತ್ತೆ:
ಮಡಿಚಿದ ಹತ್ತರ ನೋಟು, ಸ್ವಾರಗೇಟಿನ ಟಿಕೇಟು,
ಅಕ್ಕಲಕೋಟೆಯಿಂದ ಅವ್ವ ಕಳಿಸಿದ ಅಂಗಾರದ ಪೊಟ್ಟಣ,
ಎಲ್ಲ ಫೋನಿನ ಜ್ವರಕ್ಕೆ ಬೆಚ್ಚಗಾಗಿದ್ದವು.
ಆಗ ಪರದೆ ಬಾಯಿಬಿಟ್ಟಿತು:
ಫೋನು ಬಿಸಿಯಾಗಿದೆ. ತಣ್ಣಗಾಗುವ ತನಕ ಫ್ಲ್ಯಾಶ್ ಇಲ್ಲ.

ನನಗೂ ಬಿಸಿಯಾಗಿದೆಯಪ್ಪಾ,
ಮುಂಜಾನೆಯಿಂದ ನೂರಾ ಹನ್ನೆರಡು ಮೀಟರು,
ನನಗೆ ಯಾರು ಹೇಳಿದರು, ತಣ್ಣಗಾಗು ಅಂತ?

ಫೋಟೋ ಬರದಿದ್ದರೆ ಒಂದು ಗುಂಡಿ ಇದೆ: ರೀಡಿಂಗ್ ತೆಗೆದಿಲ್ಲ.
ಒತ್ತಿದರೆ ಸರಾಸರಿ ಬಿಲ್ಲು. ನನ್ನ ಹಿಂದಿನವ
ಮೂರು ತಿಂಗಳು ಅದನ್ನೇ ಒತ್ತಿದ್ದ.
ನನ್ನ ಬೆರಳೂ ಅತ್ತಲೇ ಹೋಗಿತ್ತು.

"ಥಾಂಬ," ಅಂದಳು ಇಂದುಮತಿ ಮಾವಶಿ.
ಕೈಯಲ್ಲಿ ಹುಣಸೆ ಹಚ್ಚಿ ಆಗಷ್ಟೇ ತಿಕ್ಕಿದ ಪರಾತ,
ಅಂಚಿನಲ್ಲಿ ಇನ್ನೂ ನೀರು.
ಅಂಗಳಕ್ಕಿಳಿದು, ಬಿಸಿಲಿಗೆ ಹಿಡಿದು,
ಮೊರದಲ್ಲಿ ಅಕ್ಕಿ ಒನೆಯುವಂತೆ ತುಸು ವಾಲಿಸಿದಳು.

ಕೆಂಪು ಬೆಳಕಿನ ತುಂಡೊಂದು
ಗೋಡೆ ಹತ್ತಿತು, ಪಾರಿವಾಳವನ್ನು ಎಬ್ಬಿಸಿತು,
ಆರು ಮೀಟರು ತಡಕಾಡಿ ದಾಟಿ
ಅವಳದರ ಮೇಲೆ ನಿಂತಿತು, ನಡುಗುತ್ತ,
ಅವಳ ಮೊಣಕೈ ನಡುಗಿದಷ್ಟೇ.

ಸೊನ್ನೆ ಎಂಟು ನಾಲ್ಕು ಒಂದು ಏಳು.

ಲೆಕ್ಕ ಬಾಯಲ್ಲೇ ಆಯಿತು:
ಸರಾಸರಿಗಿಂತ ಇನ್ನೂರ ಅರವತ್ತು ಯೂನಿಟ್ಟು ಹೆಚ್ಚು.
ಬೆಳಕು ಹಿಡಿದವಳ ತಲೆಗೇ ಬರುವ ಬಾಕಿ.
ಹೇಳಲೋ ಬೇಡವೋ ಅಂತ ನಾನು ತೊದಲುವಾಗ
"ಗೊತ್ತದ," ಅಂದಳು. "ಸೊಸೆ ಪಾಲಿಶ್ ಮಶೀನು ತಂದಾಳ.
ತಿಂದದ್ದಕ್ಕ ಕೊಡಬೇಕಲ್ಲ. ಲಗೂ ತೆಗಿ, ಕೈ ಸೋತಾವು."

ತೆಗೆದೆ. ಚಿತ್ರದಲ್ಲಿ ಅಂಕಿಗಳ ಹಿಂದೆ ಹೊಸ ತಂಬಿಗೆಯ ಬಣ್ಣ.
ಆಫೀಸಿನ ಯಂತ್ರ ತಕರಾರಿಲ್ಲದೆ ನುಂಗಿತು.

ಉಳಿದ ಆರಕ್ಕೂ ಪರಾತ ಹಿಡಿದೇ ನಿಂತಳು,
ಮೈದುನನ ಮೀಟರು ಬಂದಾಗ ಮಾತ್ರ
ಇನ್ನಷ್ಟು ನೆಟ್ಟಗೆ.

ಸಂಜೆ ಮನಪಾ ಸ್ಟಾಪಿನಲ್ಲಿ, ಜೇಬಿಗೆ ಇಳಿಸುವಾಗ
ಕೇಳದೆಯೇ ಫ್ಲ್ಯಾಶ್ ಹೊಡೆಯಿತು:
ನನ್ನ ಹೆಬ್ಬೆರಳು, ಉಗುರಿನೊಳಗೆ ಮೆಟ್ಟಿಲ ಕೆಳಗಿನ ಮಸಿ.
ಬಿಳೀ ಬೆಳಕು.
ನಡುಕವೇ ಇಲ್ಲ.